ಒಂದೇ ತರಬೇತಿ, ತಾಲ್ಲೂಕಿಗೊಂದು ಫಲ

ಆರೋಗ್ಯ ಶಿಬಿರವೊಂದು ಮುಗಿದೊಡನೆ ನಾವು ಮೊದಲು ನೋಡುವುದು ಹಾಜರಿಯ ಪುಸ್ತಕವನ್ನು. ಎಷ್ಟು ಜನ ಬಂದರು, ಎಷ್ಟು ಮಂದಿಗೆ ಔಷಧಿ ದೊರೆಯಿತು ಎಂಬ ಲೆಕ್ಕ ಸರಿಹೊಂದಿದರೆ ಕಾರ್ಯ ಸಫಲವಾಯಿತೆಂದು ಭಾವಿಸುತ್ತೇವೆ. ಬಂದವರಲ್ಲಿ ಕೆಲವರು ಚಿಕಿತ್ಸೆಯನ್ನು ನಡುವೆಯೇ ಬಿಟ್ಟದ್ದೇಕೆ, ಬರಲೇಬೇಕಾಗಿದ್ದವರು ಬಾರದೆ ಹೋದದ್ದೇಕೆ ಎಂಬುದನ್ನು ಆ ಪುಸ್ತಕ ಹೇಳುವುದಿಲ್ಲ.

ಈ 'ಏಕೆ' ಎಂಬ ಪ್ರಶ್ನೆಯನ್ನೇ ಹಿಡಿದು ಹೊರಡುವ ಪರಿಶೀಲನಾ ಕ್ರಮವೊಂದಿದೆ. ಅದನ್ನು ರಿಯಲಿಸ್ಟ್ ಮೌಲ್ಯಮಾಪನವೆಂದು ಕರೆಯುತ್ತಾರೆ. ಬ್ರಿಟನ್ನಿನ ಸಮಾಜವಿಜ್ಞಾನಿಗಳಾದ ರೇ ಪಾಸನ್ ಮತ್ತು ನಿಕ್ ಟಿಲ್ಲಿ 1997ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ನಿರೂಪಿಸಿದರು. 'ಯೋಜನೆ ಫಲಿಸಿತೇ?' ಎಂಬ ಪ್ರಶ್ನೆಯಷ್ಟೇ ಸಾಲದು. ಯಾರಿಗೆ, ಯಾವ ಸನ್ನಿವೇಶದಲ್ಲಿ, ಯಾವ ಕಾರಣದಿಂದ ಫಲಿಸಿತು ಎಂದು ಕೇಳಬೇಕೆಂಬುದು ಅವರ ವಾದ. ಯೋಜನೆಯು ತಾನಾಗಿ ಏನನ್ನೂ ಮಾಡದು. ಅದು ಜನರ ಮನಸ್ಸಿನಲ್ಲಿ ನಂಬಿಕೆಯನ್ನೋ ಉತ್ಸಾಹವನ್ನೋ ಉದಾಸೀನವನ್ನೋ ಹುಟ್ಟಿಸುತ್ತದೆ. ಆ ಒಳಪ್ರೇರಣೆಯೂ ಸುತ್ತಲಿನ ಸನ್ನಿವೇಶವೂ ಕೂಡಿದಂತೆ ಫಲ ಒದಗುತ್ತದೆ. ಒಂದೇ ಚೀಲದ ಬೀಜವಾದರೂ ಎರೆಯ ಬೆಳೆಯೇ ಬೇರೆ, ಮಸಾರಿಯ ಬೆಳೆಯೇ ಬೇರೆ ಎಂಬುದು ಒಕ್ಕಲುತನ ಬಲ್ಲವರಿಗೆ ಹೊಸದಲ್ಲ.

ಇದಕ್ಕೆ ನಮ್ಮ ನಾಡಿನಲ್ಲಿಯೇ ಉತ್ತಮ ನಿದರ್ಶನವಿದೆ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದ ಮೇಲೆ ಜಿಲ್ಲೆಗಳ ಮೇಲೆ ಯೋಜನೆ ರೂಪಿಸುವ ಹೊಣೆ ಹೆಚ್ಚಿತು. ಅದನ್ನು ಹೊರಲು ನೆರವಾಗಲೆಂದು ತುಮಕೂರು ಜಿಲ್ಲೆಯ ಆರೋಗ್ಯಾಧಿಕಾರಿಗಳಿಗೆ ತರಬೇತಿಯನ್ನು ಏರ್ಪಡಿಸಲಾಯಿತು. ತರಗತಿಗಳ ಜೊತೆಗೆ ಅವರು ಕೆಲಸ ಮಾಡುವ ಸ್ಥಳದಲ್ಲಿಯೇ ಮಾರ್ಗದರ್ಶನವೂ ದೊರೆಯಿತು. ಇದರ ಫಲವನ್ನು ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ ಸಂಸ್ಥೆಯ ಸಂಶೋಧಕರೂ ಅವರ ಸಹೋದ್ಯೋಗಿಗಳೂ ರಿಯಲಿಸ್ಟ್ ಕ್ರಮದಲ್ಲಿ ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದರು. ಅವರು ಅಂಕಿಅಂಶಗಳಿಗೆ ನಿಲ್ಲಲಿಲ್ಲ. ಸಿಬ್ಬಂದಿಯೊಡನೆ ಮಾತನಾಡಿದರು, ಕೆಲಸದ ರೀತಿಯನ್ನು ಕಣ್ಣಾರೆ ಕಂಡರು. ಅವರ ನಿಷ್ಠೆ, ಆತ್ಮವಿಶ್ವಾಸ ಹಾಗೂ ಮೇಲ್ವಿಚಾರಣೆಯ ಬಗೆಯನ್ನೂ ಅಳೆದರು.

ಕಂಡುಬಂದದ್ದೇನು? ತರಬೇತಿ ಒಂದೇ ಆದರೂ ತಾಲ್ಲೂಕುಗಳು ಬೇರೆಬೇರೆಯಾಗಿ ಸ್ಪಂದಿಸಿದ್ದವು. ಒಂದು ತಾಲ್ಲೂಕಿನಲ್ಲಿ ನಿಷ್ಠೆಯುಳ್ಳ ಸಿಬ್ಬಂದಿಯಿದ್ದರು, ಬದಲಾವಣೆಯ ಸಂಕಲ್ಪವೂ ಇತ್ತು. ವಿಕೇಂದ್ರೀಕರಣ ತಂದ ಅವಕಾಶಗಳಿಗೆ ತರಬೇತಿಯು ಹೊಂದಿಕೊಂಡಿತು, ಕೆಲಸ ಸುಧಾರಿಸಿತು. ಇನ್ನೆರಡು ತಾಲ್ಲೂಕುಗಳಲ್ಲಿ ನಿಷ್ಠೆಗೆ ಕೊರತೆಯಿರಲಿಲ್ಲ. ಆದರೂ ಸಿಬ್ಬಂದಿಯ ಸಂಕಲ್ಪ ಕಾರ್ಯರೂಪಕ್ಕೆ ಬರಲಿಲ್ಲ. ಮತ್ತೊಂದು ತಾಲ್ಲೂಕಿನಲ್ಲಿ ನಿಷ್ಠೆ ಕಡಿಮೆಯಿದ್ದರೂ ನಾಯಕತ್ವವು ಆ ಕೊರತೆಯನ್ನು ತುಂಬಿಕೊಟ್ಟಿತು.

ಬರಿಯ ಸರಾಸರಿ ತೆಗೆದಿದ್ದರೆ ಈ ಸತ್ಯ ಮರೆಯಾಗುತ್ತಿತ್ತು. 'ತರಬೇತಿ ವ್ಯರ್ಥ' ಎಂದು ಎಲ್ಲೆಡೆ ನಿಲ್ಲಿಸಬಹುದಿತ್ತು. ಅಥವಾ ಹಾಗೆಯೇ ಎಲ್ಲೆಡೆ ಹರಡಬಹುದಿತ್ತು. ಮನಸ್ಸಿದ್ದೂ ಮಾಡಲಾಗದ ಆ ಎರಡು ತಾಲ್ಲೂಕುಗಳ ಸಿಬ್ಬಂದಿಗೆ ಸೋಮಾರಿಗಳೆಂಬ ಅಪವಾದ ಬರಬಹುದಿತ್ತು. ಅವರಿಗೆ ಬೇಕಾದದ್ದು ಮತ್ತೊಂದು ಉಪದೇಶವಲ್ಲ, ಕೈ ಕಟ್ಟಿದ ಅಡೆತಡೆಗಳ ನಿವಾರಣೆ. ಇಂತಹ ತೀರ್ಮಾನ ತಪ್ಪಿದರೆ ನಷ್ಟ ಹೊರುವವರು ಹೆರಿಗೆಗೆಂದು ಬಂದ ತಾಯಿ, ಲಸಿಕೆಗೆಂದು ಬಂದ ಕೂಸು.

ನಮ್ಮ ಭಕ್ತರಲ್ಲಿ ಹಲವರು ಗ್ರಾಮ ಆರೋಗ್ಯ ಸಮಿತಿಗಳಲ್ಲಿ, ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗಳಲ್ಲಿ ಸೇವೆ ಸಲ್ಲಿಸುತ್ತಿರಬಹುದು. ಪಕ್ಕದ ಊರಿನಲ್ಲಿ ಯಶಸ್ವಿಯಾದ ಕಾರ್ಯಕ್ರಮವನ್ನು ತಮ್ಮ ಊರಿಗೆ ತರುವ ಮುನ್ನ ಅವರು ಮೂರು ಮಾತು ಕೇಳಲಿ: ಅಲ್ಲಿ ಅದು ಯಾರಿಗೆ ಒದಗಿತು? ಅವರ ಮನಸ್ಸನ್ನು ಒಲಿಸಿದ್ದು ಯಾವುದು? ಅಂತಹ ಸನ್ನಿವೇಶ ನಮ್ಮಲ್ಲಿದೆಯೇ? ಉತ್ತರಕ್ಕಾಗಿ ಕಡತವನ್ನು ತಿರುವಿದರಷ್ಟೇ ಸಾಲದು. ಆಶಾ ಕಾರ್ಯಕರ್ತೆಯರನ್ನು ಕೇಳಬೇಕು, ಚಿಕಿತ್ಸೆ ಪಡೆದವರನ್ನು ಕೇಳಬೇಕು, ಬಾರದೆ ಉಳಿದವರ ಮನೆಯ ಬಾಗಿಲಿಗೂ ಹೋಗಬೇಕು. ಮುಂದಿನ ಶಿಬಿರದ ಸಿದ್ಧತೆ ಅಲ್ಲಿಂದಲೇ ಆರಂಭವಾಗಲಿ ಎಂಬುದು ನಮ್ಮ ಆಶಯ.