ನಮ್ಮ ಜಿಲ್ಲೆಯ ದ್ವೀಪಕ್ಕೆ ಯಾವಾಗ ಹೋಗಬೇಕು?

ಬೇಸಿಗೆ ರಜೆ ಬಂತಂದ್ರೆ ಸಾಕು, ಇನ್‌ಸ್ಟಾಗ್ರಾಂ ತುಂಬ ಗ್ರೀಸ್ ದೇಶದ ಸಣ್ಣ ದ್ವೀಪಗಳು: ಬಿಳಿ ಮನೆ, ನೀಲಿ ಸಮುದ್ರ. ಯಾದಗಿರಿ, ಶಹಾಪುರ, ಸುರಪುರ ಕಡೆಯ ನಾವು ಹೇಳೋದು ಇಷ್ಟೇ: ದ್ವೀಪ ನಮ್ಮಲ್ಲೂ ಅದ! ಹೆಸರು ನೀಲಕಂಠರಾಯನಗಡ್ಡಿ. ಗಡ್ಡಿ ಅಂದ್ರೆ ನಮ್ಮ ಕಡೆ ಹೊಳಿ ನಡುವಿನ ನಡುಗಡ್ಡೆ. ಕೃಷ್ಣಾ ನದಿಯ ಈ ಗಡ್ಡಿ ಮೇಲೆ ಒಂದು ಊರೇ ಇದೆ.

ಯಾದಗಿರಿ ಸ್ಟೇಷನ್‌ನಲ್ಲಿ ಇಳಿದು ಬಸ್ ಹಿಡಿಯಿರಿ. ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಬೆಟ್ಟಸಾಲು, ಸುರಪುರದಲ್ಲಿ ಟೇಲರ್ ಮಂಜಿಲ್ ನೋಡಬಹುದು. ಆಮೇಲೆ ಕಕ್ಕೇರಾ, ಅಲ್ಲಿಂದ ಹೊಳಿ ದಂಡೆ.

ಆದ್ರೆ ಯಾವಾಗ ಹೋಗ್ತೀವಿ ಅನ್ನೋದು ಮುಖ್ಯ. ಗ್ರೀಸ್‌ನಲ್ಲಿ ಬೇಸಿಗೆಯ ಮೆಲ್ಟೆಮಿ ಗಾಳಿ ಜೋರಾದ್ರೆ ಫೆರ್ರಿ ನಿಲ್ಲುತ್ತೆ. ನಮ್ಮ ಗಡ್ಡಿಯ ದಾರಿ ಮುಚ್ಚೋದು ಮಳೆಗಾಲದಲ್ಲಿ, ಅದೂ ದೂರದ ಮಳೆಯಿಂದ. ಮಹಾಬಳೇಶ್ವರದ ಘಟ್ಟದಲ್ಲಿ ಸುರಿದ ನೀರು ಆಲಮಟ್ಟಿಗೆ, ಅಲ್ಲಿಂದ ನಾರಾಯಣಪುರದ ಬಸವಸಾಗರಕ್ಕೆ ಬರುತ್ತೆ. ಡ್ಯಾಂ ತುಂಬಿ ಗೇಟ್ ತೆಗೆದರೆ, ಸುರಪುರದಲ್ಲಿ ಬಿಸಿಲಿದ್ದರೂ ಗಡ್ಡಿ ಸುತ್ತ ಹೊಳಿ ಏರುತ್ತೆ.

ಪೇಪರ್‌ನಲ್ಲಿ "1 ಲಕ್ಷ ಕ್ಯೂಸೆಕ್ ಬಿಡುಗಡೆ" ಅಂತ ಓದ್ತೀವಲ್ಲ, ಲೆಕ್ಕ ಹಾಕೋಣ. 1 ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ 1 ಘನ ಅಡಿ, ಸುಮಾರು 28 ಲೀಟರ್. 1 ಲಕ್ಷ ಅಂದ್ರೆ ಸೆಕೆಂಡಿಗೆ 28 ಲಕ್ಷ ಲೀಟರ್. 12 ಸಾವಿರ ಲೀಟರಿನ ನೀರಿನ ಟ್ಯಾಂಕರ್ ಪ್ರತಿ ಸೆಕೆಂಡಿಗೆ 230ಕ್ಕೂ ಹೆಚ್ಚು ಸುರಿದಂತೆ!

2014ರ ಮಳೆಗಾಲದಲ್ಲಿ ಈ ಊರಿನ ತುಂಬು ಗರ್ಭಿಣಿಯೊಬ್ಬರು ಹೆರಿಗೆ ಸುರಕ್ಷಿತವಾಗಿ ಆಗಲಿ ಅಂತ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ತುಂಬಿದ ಕೃಷ್ಣೆಯನ್ನು ಈಜಿ ದಾಟಿದರು. ಬುರುಡೆಯ ಒಳಗೆ ಗಾಳಿ, ತೂಕ ಕಡಿಮೆ. ಅದು ತಳ್ಳುವ ನೀರಿನ ತೂಕ ಹೆಚ್ಚು. ಹಾಗಾಗಿ ತೇಲುತ್ತೆ. ಆರ್ಕಿಮಿಡೀಸ್ ತತ್ವವನ್ನು ನಾವು ಮಾರ್ಕ್ಸ್‌ಗಾಗಿ ಓದಿದ್ವಿ. ಅವರು ಎರಡು ಜೀವವನ್ನು ಅದರ ಮೇಲೆ ಬಿಟ್ಟಿದ್ದರು.

ಅದಕ್ಕೇ ಹೋಗೋದಿದ್ರೆ ಏಪ್ರಿಲ್–ಮೇನಲ್ಲಿ, ಹೊಳಿ ಇಳಿದಾಗ ಹೋಗಿ. ಮೊದಲು ಡ್ಯಾಂನಿಂದ ನೀರು ಬಿಡ್ತಿದ್ದಾರಾ ಅಂತ ವಿಚಾರಿಸಿ. ನೀರಿಗೆ ಇಳೀಬೇಡಿ, ಕೃಷ್ಣೆಯಲ್ಲಿ ಮೊಸಳೆಗಳಿವೆ. ಫೋಟೋ ತೆಗೆಯಿರಿ, ಜೊತೆಗೆ ಊರಿನವರನ್ನು "ಮಳೆಗಾಲದಾಗ ದವಾಖಾನಿಗೆ ಹೆಂಗ ಹೋಗ್ತೀರಿ?" ಅಂತ ಕೇಳಿ. ನಾಳೆ ಸೇತುವೆ ಡಿಸೈನ್ ಮಾಡೋರು ನಾವೇ ಅಲ್ವಾ?