ಆಟದ ಕಥೆಗೆ ಬೆಳ್ಳಿತೆರೆಯ ವೇಷ

ಬಿನ್ನಿಪೇಟೆಯಲ್ಲಿ ಗಿರಣಿಯ ಕೂಗು ನಿಂತು ಬಹುಕಾಲವಾಯಿತು. 1884ರಲ್ಲಿ ಹುಟ್ಟಿ, ಬಿನ್ನಿ ಕಂಪೆನಿಯ ಕೈಸೇರಿ, ಪೇಟೆಗೇ ಹೆಸರನ್ನಿತ್ತ ಆ ಬಟ್ಟೆಯ ಗಿರಣಿಯ ನೆಲದಲ್ಲಿ ಈಗ ಮುಗಿಲೆತ್ತರದ ವಸತಿಗೃಹಗಳೂ ಒಂದು ದೊಡ್ಡ ಮಾಲೂ ಎದ್ದು ನಿಂತಿವೆ. ಈ ಹೊಸ ಮನೆಗಳಲ್ಲಿಯೂ, ಹಿಂದಣ ಓಣಿಗಳ ಹಳೆಯ ಮನೆಗಳಲ್ಲಿಯೂ ಈಚೆಗೆ ಒಂದು ಬಗೆಯ ವಾಗ್ವಾದವು ಕೇಳಿಬರುತ್ತಿದೆ. ತಾನು ವರ್ಷಗಟ್ಟಲೆ ಆಡಿದ ವಿಡಿಯೋ ಗೇಮನ್ನು ಯಾರೋ ಸಿನಿಮಾ ಮಾಡಹೊರಟಿರುವರೆಂದೂ, ಅದನ್ನು ಕೆಡಿಸದೆ ಬಿಡಲಾರರೆಂದೂ ಮಗನ ಕೊರಗು. ಆಟಕ್ಕೆಂಥ ಕಥೆ, ಅದು ಕೆಟ್ಟರೆ ಯಾರ ಗಂಟು ಹೋಯಿತು ಎಂದು ತಂದೆಯ ಪರಿಹಾಸ್ಯ. ಊಟದ ಹೊತ್ತಿನಲ್ಲಿ ಆರಂಭವಾದ ಮಾತು ಕೆಲವು ಮನೆಗಳಲ್ಲಿ ಮುನಿಸಿನವರೆಗೂ ಹೋಗುವುದುಂಟು.

ವಾಚಕರಲ್ಲಿ ಹಿರಿಯರಾದವರಿಗೆ ಈ ಆಟಗಳ ಸ್ವರೂಪವನ್ನು ಎರಡು ಮಾತಿನಲ್ಲಿ ತಿಳಿಸುವುದು ಅವಶ್ಯ. ವಿಡಿಯೋ ಗೇಮ್ ಎಂದೊಡನೆ ಅನೇಕರ ಮನಸ್ಸಿಗೆ ಬರುವುದು ಮೇಲಿನಿಂದ ಇಟ್ಟಿಗೆಗಳು ಬೀಳುವ ಆಟ, ಇಲ್ಲವೆ ಕಾರು ಓಡಿಸುವ ಆಟ. ಆದರೆ ಈಗ ಮಕ್ಕಳು (ಮಕ್ಕಳೇನು, ಮೂವತ್ತು ನಲವತ್ತು ದಾಟಿದ ಗೃಹಸ್ಥರೂ) ಆಡುವ ಆಟಗಳಲ್ಲಿ ಅನೇಕವು ಕಾದಂಬರಿಯಂತೆ ವಿಸ್ತಾರವಾದ ಕಥೆಗಳು. ಒಂದೊಂದನ್ನು ಮುಗಿಸಲು ಹತ್ತಾರು ಗಂಟೆಗಳು ಬೇಕು. ಜಪಾನಿನ ನಿಂಟೆಂಡೊ ಕಂಪೆನಿಯು 1986ರಲ್ಲಿ ಆರಂಭಿಸಿದ 'ದಿ ಲೆಜೆಂಡ್ ಆಫ್ ಝೆಲ್ಡಾ' ಎಂಬ ಮಾಲೆಗೆ ಈಗಲೂ ಹೊಸ ಆಟಗಳು ಸೇರುತ್ತಲೇ ಇವೆ. ಹತ್ತನೆಯ ವಯಸ್ಸಿನಲ್ಲಿ ಈ ಕಥೆಗಳ ಕೈಹಿಡಿದ ಬಾಲಕನು ತಾನು ಮಕ್ಕಳೊಂದಿಗನಾದ ಮೇಲೂ ಅವುಗಳನ್ನು ಬಿಟ್ಟಿರುವುದಿಲ್ಲ.

ತಂದೆಯು ನಗಬಾರದೆಂದು ನಮ್ಮ ಅಭಿಪ್ರಾಯ. ಇದೇ ವಾಗ್ವಾದವು ಆತನ ಹಿರಿಯರ ಕಾಲದಲ್ಲಿ ಇದೇ ಬೆಂಗಳೂರಿನಲ್ಲಿ ನಡೆದುಹೋಗಿದೆ. ತ. ರಾ. ಸುಬ್ಬರಾಯರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಬಾಡಿಗೆಯ ವಾಚನಾಲಯಗಳಿಂದ ತಂದು ಓದಿದ್ದ ಮನೆಗಳು ಎಷ್ಟೋ. ಎಸ್. ಆರ್. ಪುಟ್ಟಣ್ಣ ಕಣಗಾಲರು ಆ ಮೂರನ್ನೂ ಹೆಣೆದು ಒಂದೇ ಚಿತ್ರವನ್ನಾಗಿಸಿ 1972ರ ಕೊನೆಯಲ್ಲಿ ತೆರೆಗೆ ತಂದರು. ಚಿತ್ರವು ಅಪಾರವಾದ ಜನಮೆಚ್ಚುಗೆಯನ್ನು ಪಡೆಯಿತು. ದುರ್ಗದ ಬಂಡೆಗಳ ನಡುವೆ ವಿಷ್ಣುವರ್ಧನರ ರಾಮಾಚಾರಿ, ಅಶ್ವತ್ಥರ ಚಾಮಯ್ಯ ಮೇಷ್ಟ್ರು, ಅಂಬರೀಷರ ಜಲೀಲ, ಇವರನ್ನು ಅರಿಯದ ಕನ್ನಡದ ಮನೆಯಿಲ್ಲ. ಕಥೆಯನ್ನು ಹೆತ್ತ ಸುಬ್ಬರಾಯರಿಗೆ ಮಾತ್ರ ಸಂತೋಷವಾಗಲಿಲ್ಲ. ತಮ್ಮ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರೆಂದು ಅವರು ಆಡಿದರೆನ್ನುವ ಮಾತು ಇಂದಿಗೂ ಚಿತ್ರರಸಿಕರ ಬಾಯಲ್ಲಿದೆ.

ಈ ಮಾತನ್ನು ವಾಚಕರು ತುಸು ನಿಂತು ನೋಡಬೇಕು. ಆ ಪ್ರಕರಣವನ್ನು ಬಿಟ್ಟರು, ಈ ಪಾತ್ರವನ್ನು ಸೇರಿಸಿದರು ಎಂಬ ಲೆಕ್ಕಾಚಾರದ ದೂರು ಅದರಲ್ಲಿಲ್ಲ. ಮೂರು ಪುಸ್ತಕಗಳು ಮೂರು ಗಂಟೆಗಳಲ್ಲಿ ಹಿಡಿಯಬೇಕಾದರೆ ಬಿಡುವುದು ಸಹಜವೇ. ವಿಷವನ್ನು ತೆಗೆದರೆಂಬುದೇ ದೂರು. ಎಂದರೆ ರಾಮಾಚಾರಿಯ ಸ್ವಭಾವವನ್ನು ಮುಟ್ಟಿದರೆಂಬುದು. ಚಿತ್ರದ ರಾಮಾಚಾರಿಯೂ ತನ್ನದೇ ಆದ ಬಿಸುಪುಳ್ಳವನೆಂದು ನಾವು ನಂಬುತ್ತೇವೆ. ಆದರೂ ಗ್ರಂಥಕರ್ತನ ಸಂಕಟವು ಸುಳ್ಳಾಗಿರಲಿಲ್ಲ. ಮೇಲಾಗಿ, 1972ಕ್ಕೆ ಮೊದಲು ಒಬ್ಬೊಬ್ಬ ಓದುಗನಿಗೂ ಅವನದೇ ಆದ ಒಬ್ಬ ರಾಮಾಚಾರಿ ಇದ್ದನು. ಈಗ ಪುಸ್ತಕವನ್ನು ತೆರೆದವರ ಕಣ್ಣಿಗೆ ವಿಷ್ಣುವರ್ಧನರ ಮುಖವಲ್ಲದೆ ಬೇರೆ ಮುಖವು ಬರುವುದೇ ಕಷ್ಟ. ಸಾವಿರ ರಾಮಾಚಾರಿಗಳು ಹೋಗಿ ಒಬ್ಬನೇ ಉಳಿದನು. ಅದೇ ಪುಟ್ಟಣ್ಣನವರು ಅದೇ ಕಥೆಯನ್ನು 1974ರಲ್ಲಿ ರಿಷಿ ಕಪೂರರನ್ನಿಟ್ಟು ಹಿಂದಿಯಲ್ಲಿ 'ಜಹ್ರೀಲಾ ಇನ್ಸಾನ್' ಎಂದು ತೆಗೆದಾಗ ಅದಕ್ಕೆ ಆ ಯಶಸ್ಸು ದೊರೆಯಲಿಲ್ಲ. ಹೀಗಿರಲು, ಕಥೆಯೊಂದು ವೇಷ ಬದಲಿಸುವಾಗ ಅದನ್ನು ಪ್ರೀತಿಸಿದವರು ಅಂಜುವುದರಲ್ಲಿ ಆಶ್ಚರ್ಯವೇನು?

ಆಟದ ಅಭಿಮಾನಿಗಳ ಅಂಜಿಕೆಯಂತೂ ಓದುಗರದಕ್ಕಿಂತ ಒಂದು ಪಾಲು ಹೆಚ್ಚಿನದು. ರಾಮಾಚಾರಿ ಮಾಡಿದುದನ್ನು ನಾವು ಓದಿದೆವು. ಆಟದ ವೀರನು ಮಾಡಿದುದನ್ನು ಆಡುವವನು ತನ್ನ ಕೈಯಾರೆ ಮಾಡಿರುತ್ತಾನೆ. ಕೋಟೆಯ ಬಾಗಿಲನ್ನು ತೆರೆದವನು ಅವನೇ, ನೂರು ಸಲ ಸೋತು ನೂರೊಂದನೆಯ ಸಲ ಗೆದ್ದವನೂ ಅವನೇ. ಝೆಲ್ಡಾ ಮಾಲೆಯ ನಾಯಕನಾದ ಲಿಂಕ್ ಎಂಬಾತನು ಆಟಗಳಲ್ಲಿ ಮಾತೇ ಆಡುವುದಿಲ್ಲ. ಅನೇಕ ಆಟಗಳಲ್ಲಿ ಅವನ ಹೆಸರನ್ನು ಇಡುವ ಅಧಿಕಾರವೂ ಆಡುವವನದೇ. ಬಿನ್ನಿಪೇಟೆಯ ಹುಡುಗನು ಅವನಿಗೆ ತನ್ನ ಹೆಸರನ್ನೇ ಇಟ್ಟಿದ್ದರೆ ಆ ಕಥೆಯೆಲ್ಲ ಆ ಹುಡುಗನ ಕಥೆಯೇ ಸರಿ. ಈ ಮಾಲೆಯನ್ನು ನಟರಿಂದ ಆಡಿಸಿ ಚಿತ್ರವಾಗಿ ತೆಗೆಯುವುದಾಗಿ 2023ರ ನವೆಂಬರಿನಲ್ಲಿ ಘೋಷಣೆಯಾಯಿತು. ಚಿತ್ರದ ನಾಯಕನು ಮಾತನಾಡದೆ ಇರಬಲ್ಲನೆ? ಆಡಿದರೆ ಯಾರ ದನಿಯಲ್ಲಿ? ಇದು ಬಾಲಿಶವಾದ ಪ್ರಶ್ನೆಯಲ್ಲ.

ಹಿಂದಿನ ಅನುಭವವೂ ಅಂಜಿಕೆಗೆ ಪುಷ್ಟಿಕೊಟ್ಟಿದೆ. ಅಣಬೆ, ಆಮೆಗಳ ನಗುಮುಖದ ಲೋಕದಲ್ಲಿ ನೆಗೆದಾಡುವ ಮಾರಿಯೋ ಎಂಬ ಕೊಳಾಯಿ ಕೆಲಸದವನನ್ನು 1993ರಲ್ಲಿ ಹಾಲಿವುಡ್ಡಿನವರು ಕತ್ತಲು ಕವಿದ, ಕೊಳಕು ಪಟ್ಟಣವೊಂದರಲ್ಲಿ ತಂದು ನಿಲ್ಲಿಸಿದರು. ಚಿತ್ರವು ಬಿದ್ದುಹೋಯಿತು, ನಿಂಟೆಂಡೊ ಕಂಪೆನಿಯು ಆ ಬಳಿಕ ಬಹುಕಾಲ ಹಾಲಿವುಡ್ಡಿನ ಕೈಗೆ ತನ್ನ ಪಾತ್ರಗಳನ್ನು ಹೀಗೆ ಒಪ್ಪಿಸಲಿಲ್ಲ. 'ರೆಸಿಡೆಂಟ್ ಈವಿಲ್' ಎಂಬ ಭಯಾನಕ ಆಟವನ್ನು ಆಧರಿಸಿ 2002ರಿಂದ 2016ರವರೆಗೆ ಆರು ಚಿತ್ರಗಳು ಬಂದುವು. ಅವುಗಳ ನಾಯಿಕೆಯಾದ ಆಲಿಸ್ ಎಂಬವಳು ಆಟದಲ್ಲಿ ಎಲ್ಲಿಯೂ ಇಲ್ಲ. ಹಣವೇನೋ ಬಂದಿತು, ಆದರೆ ಆಟದ ನಾಯಕರು ತಮ್ಮ ಮನೆಯಲ್ಲಿಯೇ ನೆಂಟರಾದರು.

2019ರಲ್ಲಿ 'ಸಾನಿಕ್' ಎಂಬ ನೀಲಿಯ ಮುಳ್ಳುಹಂದಿಯ ಚಿತ್ರದ ಮುನ್ನೋಟವು ಹೊರಬಿದ್ದಾಗ ನಡೆದುದು ಮಾತ್ರ ಅಪೂರ್ವ. ಮನುಷ್ಯರ ಹಲ್ಲುಗಳಂಥ ಹಲ್ಲುಗಳನ್ನಿಟ್ಟ ಆ ಮುಖವನ್ನು ಕಂಡು ಅಭಿಮಾನಿಗಳು ಎಬ್ಬಿಸಿದ ಗದ್ದಲಕ್ಕೆ ನಿರ್ದೇಶಕರು ಕೆಲವೇ ದಿನಗಳಲ್ಲಿ ಮಣಿದರು. ಬಿಡುಗಡೆಯನ್ನು ನವೆಂಬರಿನಿಂದ ಮರುವರ್ಷದ ಫೆಬ್ರವರಿಗೆ ಮುಂದೂಡಿ ಇಡೀ ರೂಪವನ್ನು ಮತ್ತೆ ಬರೆಸಿದರು, ಚಿತ್ರವು ಗೆದ್ದಿತು. 2023ರಲ್ಲಿ ನಿಂಟೆಂಡೊದವರು ಮಾರಿಯೋನ ಸೃಷ್ಟಿಕರ್ತರಾದ ಶಿಗೆರು ಮಿಯಾಮೊಟೊ ಅವರನ್ನೇ ನಿರ್ಮಾಪಕರಲ್ಲೊಬ್ಬರನ್ನಾಗಿ ಕೂರಿಸಿ ತೆಗೆಸಿದ ವ್ಯಂಗ್ಯಚಲನಚಿತ್ರವು ನೂರಮೂವತ್ತು ಕೋಟಿ ಡಾಲರುಗಳನ್ನು ಮೀರಿ ಗಳಿಸಿತು. ಆದರೂ ನಮ್ಮ ಎಣಿಕೆಯಲ್ಲಿ ಇವೆರಡೂ ಸುಲಭದ ಗೆಲುವುಗಳು. ಬಣ್ಣ, ಆಕಾರ, ಟೋಪಿ ಇವು ಸರಿಯಿವೆಯೆ ಎಂಬುದನ್ನು ಕಣ್ಣೇ ಹೇಳುತ್ತದೆ.

ಕಠಿಣವಾದುದು ಒಳಗಿನದು. 2013ರಲ್ಲಿ ಬಂದ 'ದಿ ಲಾಸ್ಟ್ ಆಫ್ ಅಸ್' ಎಂಬ ಆಟವು 2023ರಲ್ಲಿ ದೂರದರ್ಶನದ ಧಾರಾವಾಹಿಯಾಯಿತು. ಮಹಾರೋಗವೊಂದರಿಂದ ಹಾಳಾದ ನಾಡಿನಲ್ಲಿ ಮಗಳನ್ನು ಕಳೆದುಕೊಂಡ ಜೋಯೆಲ್ ಎಂಬ ನಡುವಯಸ್ಸಿನವನು ಎಲ್ಲಿ ಎಂಬ ಅನಾಥ ಹುಡುಗಿಯನ್ನು ಕಾದುಕೊಂಡು ಹೋಗುವ ಕಥೆ ಅದು. ದಾರಿಯಲ್ಲಿ ಬಿಲ್ ಎಂಬ ಒರಟನು ಎದುರಾಗುತ್ತಾನೆ. ಆಟದಲ್ಲಿ ಅವನ ಸಂಗಾತಿಯಾದ ಫ್ರ್ಯಾಂಕ್ ಮುನಿದು ಅವನನ್ನು ತೊರೆದು ಸತ್ತಿರುತ್ತಾನೆ. ಧಾರಾವಾಹಿಯ ಮೂರನೆಯ ಕಂತಿನಲ್ಲಿ ಇಬ್ಬರೂ ಮುಪ್ಪಿನವರೆಗೆ ಜೊತೆಯಾಗಿ ಬಾಳಿ ಒಂದೇ ದಿನ ಕಣ್ಮುಚ್ಚುತ್ತಾರೆ. ಇದಕ್ಕಿಂತ ದೊಡ್ಡ ಮಾರ್ಪಾಟು ಉಂಟೆ? ಆದರೂ ಆಟವನ್ನು ಬಾಯಿಪಾಠವಾಗಿ ಬಲ್ಲವರಲ್ಲಿಯೇ ಅನೇಕರು ಆ ಕಂತನ್ನು ನೋಡಿ ಕಣ್ಣೊರಸಿಕೊಂಡರು. ಆಟದ ಕಥೆಯನ್ನು ಬರೆದ ನೀಲ್ ಡ್ರಕ್‌ಮನ್ನರೇ ಧಾರಾವಾಹಿಯ ಕರ್ತೃಗಳಲ್ಲೊಬ್ಬರಾಗಿದ್ದುದು ಒಂದು ಕಾರಣವಿರಬಹುದು. ಅದಕ್ಕಿಂತ ಮುಖ್ಯವಾಗಿ, ಕಥೆಯ ಕೊನೆಯಲ್ಲಿ ಜೋಯೆಲನು ಆ ಹುಡುಗಿಗೆ ಹೇಳುವ ಒಂದು ಸುಳ್ಳಿದೆ. ಇಡೀ ಕಥೆಯ ವಿಷವೆಲ್ಲ ಅದರಲ್ಲಿದೆ. ಅದನ್ನು ಅವರು ಮುಟ್ಟಲಿಲ್ಲ. ನಾಗರವು ನಾಗರವಾಗಿಯೇ ಉಳಿಯಿತು.

ನಮ್ಮಲ್ಲಿಯೂ ಅಭಿಮಾನಿಗಳು ಸುಮ್ಮನೆ ಅಂಜಿ ಕೂರದೆ ತಾವೇ ಕೈಹಾಕಿದ ನಿದರ್ಶನವೊಂದುಂಟು. ಪೂರ್ಣಚಂದ್ರ ತೇಜಸ್ವಿಯವರ 'ಡೇರ್‌ಡೆವಿಲ್ ಮುಸ್ತಾಫಾ' ಎಂಬ ಸಣ್ಣಕಥೆಯನ್ನು ಶಶಾಂಕ್ ಸೋಗಾಲ್ ಅವರು ಚಿತ್ರವಾಗಿಸಿದಾಗ ಅದಕ್ಕೆ ಹಣವನ್ನು ಕೂಡಿಸಿದವರು ತೇಜಸ್ವಿಯವರ ನೂರರಷ್ಟು ಓದುಗರು. 2023ರ ಮೇ ತಿಂಗಳಿನಲ್ಲಿ ಅದು ತೆರೆಕಂಡಿತು. ಸಣ್ಣಕಥೆಯನ್ನು ಪೂರ್ಣಚಿತ್ರದ ಉದ್ದಕ್ಕೆ ಎಳೆಯಬೇಕಾದುದರಿಂದ ಹೊಸತನ್ನು ಬಹಳವಾಗಿ ಸೇರಿಸಿದರು. ಓದುಗರ ಹಣದಿಂದಲೇ ಆದ ಚಿತ್ರವೆಂದು ಅಕ್ಷರಕ್ಕೆ ಅಕ್ಷರ ಅಂಟಿಕೊಳ್ಳಲಿಲ್ಲವೆಂಬುದು ಗಮನಾರ್ಹ.

ಇನ್ನು ಪೂರ್ವಾಪರದ ಚಿಂತೆ. ಮಾಲೆಯ ಒಂದು ಆಟದಲ್ಲಿ ನಡೆದುದಕ್ಕೂ ಮತ್ತೊಂದರಲ್ಲಿ ನಡೆದುದಕ್ಕೂ ಹೊಂದಿಕೆಯಾಗದಿದ್ದರೆ ಅಭಿಮಾನಿಗಳಿಗೆ ನಿದ್ದೆ ಬಾರದು. ಝೆಲ್ಡಾ ಮಾಲೆಯ ಕಾಲಾನುಕ್ರಮವನ್ನು ಕುರಿತು ವರ್ಷಗಟ್ಟಲೆ ಜಗಳವಾದ ಮೇಲೆ, ನಿಂಟೆಂಡೊದವರು 2011ರಲ್ಲಿ ಒಂದು ಪುಸ್ತಕದ ಮೂಲಕ ಕಥೆಯು 1998ರ ಆಟವೊಂದರಿಂದ ಮೂರು ಕವಲಾಗಿ ಒಡೆಯುವುದೆಂದು ಸಾರಿದರು. ಅವುಗಳಲ್ಲಿ ಒಂದು ಕವಲು ನಾಯಕನು ಸೋತುಹೋದನೆಂದು ಭಾವಿಸಿ ಬೆಳೆಸಿದುದು! ಜಗಳವು ಅದರಿಂದ ಹೆಚ್ಚಿತೇ ಹೊರತು ತಗ್ಗಲಿಲ್ಲ.

ಇದನ್ನು ಕೇಳಿ ನಗುವ ಮುನ್ನ ಬಿನ್ನಿಪೇಟೆಯವರು ನೆರೆಯ ಚಾಮರಾಜಪೇಟೆಗೆ ಹೋಗಿ ಬರಬಹುದು. ಅಲ್ಲಿ ಸಾಹಿತ್ಯ ಪರಿಷತ್ತಿನ ಮುಂದಣ ರಸ್ತೆಗೆ ಪಂಪ ಮಹಾಕವಿಯ ಹೆಸರಿದೆ. ಕ್ರಿ. ಶ. 941ರ ಸುಮಾರಿಗೆ 'ವಿಕ್ರಮಾರ್ಜುನ ವಿಜಯ'ವನ್ನು ಬರೆದ ಈ ಆದಿಕವಿಯು ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿದನು. ಕೊನೆಯಲ್ಲಿ ಪಟ್ಟವನ್ನೂ ಅರ್ಜುನನಿಗೇ ಕಟ್ಟಿದನು. ನಾಗಚಂದ್ರನ ರಾಮಾಯಣದಲ್ಲಿ ಜೈನ ಸಂಪ್ರದಾಯದಂತೆ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ಹದಿನೈದನೆಯ ಶತಮಾನದ ಕುಮಾರವ್ಯಾಸನು ದ್ರೌಪದಿಗೆ ಮತ್ತೆ ಐವರು ಗಂಡಂದಿರನ್ನು ಕೊಟ್ಟನು. ಕಥೆಯ ನಾಯಕತ್ವವನ್ನು ಕೃಷ್ಣನಿಗೆ ಒಪ್ಪಿಸಿದನು. ಪೂರ್ವಾಪರವು ಕೆಟ್ಟಿತೆಂದು ಕನ್ನಡಿಗರು ಇವರಲ್ಲಿ ಯಾರನ್ನಾದರೂ ಮನೆಯಿಂದ ಹೊರಹಾಕಿದರೆ? ಇಲ್ಲ. ಒಂದನ್ನು ಒಪ್ಪಿದರೆ ಮತ್ತೊಂದನ್ನು ಬಿಡಬೇಕೆಂದು ಯಾರೂ ಕಟ್ಟಳೆ ಮಾಡಲಿಲ್ಲ. ಕಥೆಯು ಯಾರ ಸೊತ್ತೂ ಆಗಿರಲಿಲ್ಲ.

ಈಗಿನ ಕಥೆಗಳಿಗಾದರೋ ಒಡೆಯರಿದ್ದಾರೆ. 'ಸ್ಟಾರ್ ವಾರ್ಸ್' ಎಂಬ ಚಿತ್ರಮಾಲೆಯ ಸುತ್ತ ದಶಕಗಳಿಂದ ಬೆಳೆದಿದ್ದ ಕಾದಂಬರಿಗಳು, ಆಟಗಳು ಮೊದಲಾದುವುಗಳನ್ನೆಲ್ಲ ಅದರ ಒಡೆತನದ ಕಂಪೆನಿಯು 2014ರಲ್ಲಿ ಒಂದೇ ಪ್ರಕಟನೆಯಿಂದ 'ದಂತಕಥೆಗಳು' ಎಂಬ ಪಂಗಡಕ್ಕೆ ನೂಕಿ, ಇನ್ನು ಮುಂದಿನದು ಮಾತ್ರ ನಿಜವಾದ ಕಥೆಯೆಂದಿತು. ಪಂಪನಿಗೂ ಇಲ್ಲದಿದ್ದ ಅಧಿಕಾರವಿದು. ಅಭಿಮಾನಿಗಳ ಕೊರಗಿನಲ್ಲಿ ನ್ಯಾಯವಾದ ಭಾಗವು ಇಲ್ಲಿದೆಯೆಂದು ನಮಗೆ ತೋರುತ್ತದೆ. ಹೊಸದು ಬರುವುದರಿಂದ ಹಳೆಯದಕ್ಕೆ ಚ್ಯುತಿಯಿಲ್ಲ. ಹಳೆಯದು ಕೈಗೆ ಸಿಕ್ಕದಂತಾದರೆ ಚ್ಯುತಿ. ಸುಬ್ಬರಾಯರ ಕಾದಂಬರಿಗಳು ಪುಸ್ತಕವಾಗಿ ಉಳಿದಿರುವುದರಿಂದ ಯಾವುದು ನಾಗರ, ಯಾವುದು ಕೇರೆ ಎಂಬುದನ್ನು ಯಾರು ಬೇಕಾದರೂ ಓದಿ ತೀರ್ಮಾನಿಸಬಹುದು. ಆಟಗಳ ಸ್ಥಿತಿ ಹಾಗಲ್ಲ. 2023ರ ಮಾರ್ಚಿನಲ್ಲಿ ನಿಂಟೆಂಡೊದವರು ತಮ್ಮ ಎರಡು ಹಳೆಯ ಯಂತ್ರಗಳ ಆನ್‌ಲೈನ್ ಅಂಗಡಿಯನ್ನು ಮುಚ್ಚಿದಾಗ, ಅಲ್ಲಿ ಮಾತ್ರ ಮಾರಾಟಕ್ಕಿದ್ದ ಆಟಗಳನ್ನು ಹೊಸದಾಗಿ ಕೊಳ್ಳುವ ದಾರಿಯು ಮುಚ್ಚಿಹೋಯಿತು.

ಆದುದರಿಂದ ಗೃಹಸ್ಥರಲ್ಲಿ ನಮ್ಮದೊಂದು ಸೂಚನೆ. 1990ರ ದಶಕದಲ್ಲಿ ಮೆಜೆಸ್ಟಿಕ್ಕಿನ ಅಂಗಡಿಗಳಿಂದ ತಂದು ಟಿ.ವಿ.ಗೆ ಜೋಡಿಸಿದ್ದ ಆಟದ ಪೆಟ್ಟಿಗೆಯೂ ಅದರ ಕ್ಯಾಸೆಟ್ಟುಗಳೂ ಅಟ್ಟದ ಮೇಲೆ ಬಿದ್ದಿದ್ದರೆ, ಅವನ್ನು ಹಳೆಯ ಸಾಮಾನಿನವನಿಗೆ ತೂಕಕ್ಕೆ ಹಾಕಬೇಡಿರಿ. ತೇವ ತಾಕದ ಕಡೆ, ಬಟ್ಟೆಯಲ್ಲಿ ಸುತ್ತಿ, ಅದರದೇ ತಂತಿಗಳೊಡನೆ ಇಡಿರಿ. ಕೆಲವು ಕ್ಯಾಸೆಟ್ಟುಗಳೊಳಗೆ, ಆಟವು ಎಲ್ಲಿಗೆ ನಿಂತಿತ್ತೆಂಬುದನ್ನು ನೆನಪಿಡಲು, ಗುಂಡಿಯಂಥ ಪುಟ್ಟ ಬ್ಯಾಟರಿಯೊಂದು ಇರುತ್ತದೆ. ಅದು ಸತ್ತರೂ ಆಟವು ಸಾಯುವುದಿಲ್ಲ. ಬೆಸುಗೆ ಬಲ್ಲ ರಿಪೇರಿಯವನು ಬದಲಿಸಿಕೊಡಬಲ್ಲನು. ಬದಲಿಸುವಾಗ ಹಿಂದೆ ಉಳಿಸಿಟ್ಟಿದ್ದ ಆಟವೆಲ್ಲ ಸಾಮಾನ್ಯವಾಗಿ ಅಳಿಸಿಹೋಗುವುದರಿಂದ, ಅದನ್ನು ಆಡಿದವರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯುವುದು ಒಳ್ಳೆಯದು.