ಕ್ರಿಕೆಟ್ ವೀರ ಪಾಲ್ವಂಕರ್ ಬಾಲೂ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆಯಲ್ಲಿ ಬತ್ತದ ಕೊಯ್ಲು ಮುಗಿದೊಡನೆ ಬಯಲಾದ ಗದ್ದೆಗಳೇ ಹುಡುಗರಿಗೆ ಕ್ರಿಕೆಟ್ ಮೈದಾನಗಳಾಗುವುದುಂಟು. ಆಡಿ ದಣಿದು ಮನೆಗೆ ಮರಳಿದ ಆ ಬಾಲಕರಿಗೆ ಹಿರಿಯರು ಹೇಳತಕ್ಕ ಚರಿತ್ರೆಯೊಂದುಂಟು. ಅದು ಮೈದಾನದ ಕೂಲಿಯಾಳಾಗಿ ಸೇರಿ, ದೇಶವಿಖ್ಯಾತ ಆಟಗಾರರಾದ ಪಾಲ್ವಂಕರ್ ಬಾಲೂ ಅವರದು.

ಬಾಲೂ ಅವರು 1870ರ ದಶಕದಲ್ಲಿ ಧಾರವಾಡದಲ್ಲಿ ಜನಿಸಿದರು. ಅವರದು ಅಸ್ಪೃಶ್ಯರೆಂದು ದೂರವಿಡಲ್ಪಟ್ಟಿದ್ದ ಚಮ್ಮಾರ ಕುಲ. ತಂದೆಗೆ ಸೈನ್ಯದಲ್ಲಿ ನೌಕರಿ. ಪುಣೆಯಲ್ಲಿ ಬೆಳೆದ ಬಾಲಕನು ಆಂಗ್ಲರ ಕ್ಲಬ್ಬಿನಲ್ಲಿ ನೆಲ ಗುಡಿಸಿ, ರೋಲರ್ ಎಳೆದು, ಬಲೆ ಕಟ್ಟುತ್ತಿದ್ದನು. ತಿಂಗಳ ಸಂಬಳ 4 ರೂಪಾಯಿ. ಬಿಡುವಿನಲ್ಲಿ ಆತನು ಎಡಗೈಯಿಂದ ನಿಧಾನವಾಗಿ ತಿರುಗಿಸಿ ಎಸೆಯುತ್ತಿದ್ದ ಚೆಂಡು ಆಂಗ್ಲ ಅಧಿಕಾರಿಗಳ ಗಮನ ಸೆಳೆಯಿತು. ಬ್ಯಾಟುಗಾರನೆಂದು ಹೆಸರಾಗಿದ್ದ ಗ್ರೇಗ್ ಎಂಬಾತನು ಪ್ರತಿದಿನವೂ ಆ ಚೆಂಡುಗಳನ್ನೆದುರಿಸಿ ಅಭ್ಯಾಸ ಮಾಡಿದನು.

ಈ ಕೀರ್ತಿಯನ್ನು ಕೇಳಿ ಪುಣೆಯ ಹಿಂದೂಗಳು ಬಾಲೂ ಅವರನ್ನು ತಮ್ಮ ತಂಡಕ್ಕೆ ಸೇರಿಸಿಕೊಂಡರು. ಮೈದಾನದಲ್ಲಿ ಎಲ್ಲರೂ ಅವರು ಮುಟ್ಟಿದ ಚೆಂಡನ್ನೇ ಮುಟ್ಟುವರು. ಚಹದ ವೇಳೆಗೆ ಮಾತ್ರ ಅವರಿಗೆ ಹೊರಗೆ, ಬಳಸಿ ಬಿಸುಡುವ ಮಣ್ಣಿನ ಕುಡಿಕೆಯಲ್ಲಿ ಚಹ!

ಅಂದು ಮುಂಬಯಿಯಲ್ಲಿ ಮತಕ್ಕೊಂದು ತಂಡದಂತೆ ಪಂದ್ಯಗಳು ನಡೆಯುತ್ತಿದ್ದವು. 1906ರಲ್ಲಿ ಹಿಂದೂ ತಂಡವು ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿದಾಗ ಬಾಲೂ ಅವರ ಬೌಲಿಂಗಿನ ಪಾಲು ಹಿರಿದಾಗಿತ್ತು. 1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದಲ್ಲಿ ಭಾರತೀಯ ತಂಡವು ಇಂಗ್ಲೆಂಡಿಗೆ ತೆರಳಿ ಹೆಚ್ಚಿನ ಪಂದ್ಯಗಳಲ್ಲಿ ಸೋತಿತು. ಆದರೂ ಬಾಲೂ ಒಬ್ಬರೇ 114 ವಿಕೆಟ್ಟುಗಳನ್ನು ಗಳಿಸಿದರು.

ಇಷ್ಟಾದರೂ ನಾಯಕಪದವಿ ಅವರಿಗೆ ದೊರೆಯಲಿಲ್ಲ. 1920ರಲ್ಲಿ ತಮ್ಮಂದಿರಾದ ಶಿವರಾಮ, ವಿಠ್ಠಲರು ಕುಲಭೇದವನ್ನು ಪ್ರತಿಭಟಿಸಿ ತಂಡದಿಂದ ಹೊರಬಂದರು. ಜನಾಭಿಪ್ರಾಯಕ್ಕೆ ಮಣಿದು ಆಯ್ಕೆಗಾರರು ಬಾಲೂ ಅವರನ್ನು ಉಪನಾಯಕರನ್ನಾಗಿ ಮಾಡಿದರು. 1923ರಲ್ಲಿ ವಿಠ್ಠಲರೇ ನಾಯಕರಾಗಿ, ತಂಡಕ್ಕೆ ಜಯವನ್ನು ತಂದರು. ಅಣ್ಣನಿಗೆ ಮುಚ್ಚಿದ್ದ ಬಾಗಿಲು ತಮ್ಮನಿಗೆ ತೆರೆಯಿತು.

ಆಟ ಬಿಟ್ಟ ಬಳಿಕ ಬಾಲೂ ಅವರು ಸಾರ್ವಜನಿಕ ಜೀವನಕ್ಕಿಳಿದರು. 1932ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. 1937ರ ಚುನಾವಣೆಯಲ್ಲಿ ಡಾಕ್ಟರ್ ಅಂಬೇಡ್ಕರರೆದುರು ನಿಂತು ಸೋತರು. 1955ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು.

ವಾಚಕರೇ, ವಿಕೆಟ್ಟುಗಳ ಎಣಿಕೆಯನ್ನು ಮಕ್ಕಳು ತಾವೇ ಕಲಿತುಕೊಳ್ಳುವರು. ಆ ಮಣ್ಣಿನ ಕುಡಿಕೆಯ ಸಂಗತಿಯನ್ನು ಮಾತ್ರ ನಾವೇ ಅವರಿಗೆ ಹೇಳಬೇಕು.